ಬೆಲ್ಲದ ತಾಟಿನ ಜೊತೆಗೊಂದು ರಿಜಿಸ್ಟರ್

ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದಾಗ ನಾನು ಬ್ಯಾಡಗಿ ಪುರಸಭೆಯಲ್ಲಿ ಹಿರಿಯ ಆರೋಗ್ಯ ನಿರೀಕ್ಷಕನಾಗಿದ್ದೆ. ಮೆಣಸಿನಕಾಯಿ ಸೀಸನ್ನಿನಲ್ಲಿ ಹೊರಗಿನ ವ್ಯಾಪಾರಿಗಳು ಬರುತ್ತಾರೆ. ಲಾಡ್ಜ್‌ ತುಂಬಿದರೆ ಮನೆಗಳಲ್ಲಿ ಕೋಣೆ ಹಿಡಿಯುತ್ತಾರೆ. ಹೀಗೆ ದಿನದ ಬಾಡಿಗೆಗೆ ಕೋಣೆ ಕೊಡುವವರು ಟ್ರೇಡ್ ಲೈಸೆನ್ಸ್, ಅಂದರೆ ಉದ್ದಿಮೆ ಪರವಾನಗಿ ಪಡೆಯಬೇಕು. ಬಂದವರ ಹೆಸರು, ಊರು, ಗುರುತಿನ ಚೀಟಿಯ ವಿವರವನ್ನು ರಿಜಿಸ್ಟರ್‌ನಲ್ಲಿ ಬರೆದಿಡಬೇಕು.

ಶಾಂತವ್ವ ಎಂಬಾಕೆ ತಮ್ಮ ಮಹಡಿಯ ಎರಡು ಕೋಣೆ ಕೊಡುತ್ತಿದ್ದರು. ಲೈಸೆನ್ಸ್ ಇತ್ತು. ಬೆಂಕಿ ನಂದಿಸುವ ಸಿಲಿಂಡರ್ ಇತ್ತು. ಬಚ್ಚಲಂತೂ ನಮ್ಮ ಮನೆಯದಕ್ಕಿಂತ ಚೊಕ್ಕ. ರಿಜಿಸ್ಟರ್ ಮಾತ್ರ ಖಾಲಿ. ಸಿಬ್ಬಂದಿ ಎರಡು ನೋಟಿಸ್ ಕೊಟ್ಟು ಬಂದರೂ ಖಾಲಿ. ಕೊನೆಗೆ ಲೈಸೆನ್ಸ್ ರದ್ದತಿಗೆ ಶಿಫಾರಸಿನ ವರದಿ ಬರೆದು ಚೀಲದಲ್ಲಿಟ್ಟುಕೊಂಡು ನಾನೇ ಹೋದೆ. ಸಹಿಯೊಂದು ಬಾಕಿ. ಎಂಥ ಹಠಮಾರಿ ಹೆಂಗಸು ಎಂದು ಮೈಯೆಲ್ಲ ಉರಿಯುತ್ತಿತ್ತು.

ನನ್ನನ್ನು ಗಿರಾಕಿ ಎಂದುಕೊಂಡ ಶಾಂತವ್ವ, "ಬರ್ರಿ, ಕುಂದ್ರಿ" ಎಂದು ತಾಟಿನಲ್ಲಿ ಬೆಲ್ಲ, ನೀರು ತಂದಿಟ್ಟರು. ಕುಡಿದ ಕೂಡಲೇ ಕೋಣೆಯ ಕೀಲಿಯನ್ನೂ ಕೊಟ್ಟರು.

"ನಾ ಯಾರಂತ ಕೇಳಲೇ ಇಲ್ಲಲ್ಲವಾ?" ಎಂದು ನನ್ನ ಹುದ್ದೆ ಹೇಳಿದೆ.

ಆಕೆಯ ಮುಖ ಇಳಿಯಿತು. "ನೀರು ಕೊಡೂಕಿಂತ ಮೊದಲ ಕಾರ್ಡ್ ಕೇಳಿದ್ರ ಮನಿ ಮರ್ಯಾದಿ ಏನ ಉಳೀತರಿ? ನೀರು ಕುಡದ ಮ್ಯಾಲ ಅವರು ಮನಿಯವರಾದ್ರು. ಮನಿಯವರ ಗುರುತು ಯಾರ ಕೇಳ್ತಾರ್ರಿ, ಸಾಹೇಬ್ರ?" ತಾಟನ್ನು ಎತ್ತಿಕೊಳ್ಳುತ್ತ, "ಮೆಣಸಿನಕಾಯಿ ತೊಟ್ಟು ಬಿಡಿಸಿ ಬಿಡಿಸಿ ಘಾಟಿಗೆ ದಮ್ಮು ಹತ್ತೈತ್ರಿ. ಈ ಖೋಲಿ ಬಂದ್ ಆದ್ರ ಮತ್ತ ಅದ ಗೋದಾಮಿಗೆ ಹೋಗಬೇಕ್ರಿ" ಎಂದರು.

ಉರಿಯೆಲ್ಲ ಇಳಿದುಹೋಯಿತು. ರಿಜಿಸ್ಟರ್ ಬರೆಯಲೇಬೇಕು ಎನ್ನುತ್ತದೆ ನಿಯಮ. ನೀರಿಗಿಂತ ಮೊದಲೇ ಬರೆಯಿರಿ ಎಂದು ಅದರಲ್ಲಿ ಎಲ್ಲೂ ಇಲ್ಲ.

"ಮನಿಯವರ ಹೆಸರು ರೇಷನ್ ಕಾರ್ಡಿನ್ಯಾಗ ಇರ್ತಾವಲ್ಲವಾ? ಇವರದೂ ಹಂಗ ಇರಲಿ" ಎಂದೆ. "ಬೆಲ್ಲದ ತಾಟಿನ ಜೋಡಿ ರಿಜಿಸ್ಟರೂ ತರ್ರಿ. ನೀರು ಕುಡೀಲಿ, ಬರೀಲಿ, ಆಮ್ಯಾಲ ಕೀಲಿ."

ಏಳು ದಿನದ ಗಡುವು ಕೊಟ್ಟು ಬಂದೆ. ನಿಯಮ ಓದಿ ಹೇಳುವುದಷ್ಟೇ ನನ್ನ ಕೆಲಸವಲ್ಲ, ಅದು ಆ ಮನೆಯೊಳಗೆ ಯಾವ ಬಾಗಿಲಿಂದ ಹೋದೀತು ಎಂದು ಹುಡುಕುವುದೂ ನನ್ನದೇ ಕೆಲಸ ಎಂದು ಆ ದಿನ ಕಲಿತೆ. ಇಷ್ಟು ವರ್ಷದ ನೌಕರಿಯಲ್ಲಿ ಎಷ್ಟೋ ಬಾಗಿಲು ಮುಚ್ಚಿಸಿದ್ದೇನೆ. ನನಗೆ ಹೆಮ್ಮೆ ಇರುವುದು ಮುಚ್ಚಿಸದೆ ಬಂದ ಈ ಬಾಗಿಲಿನ ಬಗ್ಗೆ.

ಎಂಟನೆಯ ದಿನ ಮತ್ತೆ ಹೋದೆ. ಬೆಲ್ಲ ಬಂತು, ನೀರು ಬಂತು, ಹಿಂದೆಯೇ ರಿಜಿಸ್ಟರ್. ಮೂವರು ವ್ಯಾಪಾರಿಗಳ ವಿವರ ಅಚ್ಚುಕಟ್ಟಾಗಿತ್ತು.

"ಈಗ ನಿಮ್ಮ ಕಾರ್ಡ್ ತಗೀರಿ" ಎಂದರು ಶಾಂತವ್ವ. ಕಚೇರಿಯ ಕಾರ್ಡ್ ಕೊಟ್ಟೆ. ಅದನ್ನೊಮ್ಮೆ, ನನ್ನ ತಲೆಯನ್ನೊಮ್ಮೆ ನೋಡಿ, "ಫೋಟೋದಾಗ ಕೂದಲ ಭಾಳ ಅದಾವರಿ. ಆಧಾರ್ ಐತೇನು?" ಎಂದರು.

ಆಧಾರ್ ತೋರಿಸಿ, ವರದಿಗೆಂದು ಇಟ್ಟುಕೊಂಡಿದ್ದ ಸಹಿಯನ್ನು ಶಾಂತವ್ವನ ರಿಜಿಸ್ಟರ್‌ನಲ್ಲಿ ಹಾಕಿದೆ.