ಒಂದು ಹನಿ ಎಣ್ಣೆ

ಮಕ್ಕಳೇ, ಹಿರಿಯೂರಿನಲ್ಲಿ ನಮ್ಮ ಪಕ್ಕದ ಮನೆಯವರು ನಿವೃತ್ತ ಬಸ್ ಡ್ರೈವರ್. ಅವರ ಕೈಯಲ್ಲಿ ಸದಾ ಎಣ್ಣೆ ಡಬ್ಬಿ. ಬಾವಿಯ ರಾಟೆ, ನನ್ನ ಹೊಲಿಗೆ ಯಂತ್ರ, ನಮ್ಮ ಗೇಟು, ಎಲ್ಲಕ್ಕೂ ಕೇಳದೆಯೇ ಎಣ್ಣೆ ಬಿಡುತ್ತಿದ್ದರು. "ಒಂದು ಹನಿ ಬಿಟ್ರೆ ಎಲ್ಲಾ ಸರಿ ಹೋಗ್ತೈತೆ ಕಣಕ್ಕ" ಎನ್ನುತ್ತಿದ್ದರು.

ನಿಮ್ಮ ತಾತ ರಿಮೋಟಿನಿಂದ ಹಾರುವ ಪುಟ್ಟ ಪೆಟ್ರೋಲ್ ಹೆಲಿಕಾಪ್ಟರ್ ಜೋಡಿಸಿದ್ದರು. ಅವರ ಕೈನಡುಕ ದಿನೇ ದಿನೇ ಹೆಚ್ಚುತ್ತಿತ್ತು. ಆ ಆಯುಧಪೂಜೆಗೆ ಹಾರಿಸದಿದ್ದರೆ ಇನ್ನೆಂದೂ ಆಗದೆಂದು ಅವರಿಗೆ ಗೊತ್ತಿತ್ತು.

ಪೂಜೆ ಮುಗಿಸಿ ಬಬ್ಬೂರಿನ ಬಯಲಿಗೆ ಹೋದೆವು, ಡಬ್ಬಿ ಹಿಡಿದು ಡ್ರೈವರೂ ಬಂದರು. ಎಂಜಿನ್ ಕಿರುಚಿತು, ರೆಕ್ಕೆ ಮಾತ್ರ ಸೋಮಾರಿ ಎಮ್ಮೆಯಂತೆ ತಿರುಗಿತು. ತಾತ ಪೆಟ್ರೋಲ್ ನೋಡಿದರು, ರೆಕ್ಕೆ ನೋಡಿದರು, ಕೊನೆಗೆ ಎಂಜಿನ್ನಿನ ಓಟವನ್ನು ರೆಕ್ಕೆಗೆ ದಾಟಿಸುವ ಕ್ಲಚ್ ಬಿಚ್ಚಿದರು. ಒಣಗಿದ್ದು ಬಿಗಿಯಾಗಿ ಹಿಡಿಯಬೇಕಾದ ಅದರ ಪಟ್ಟಿ ಹರಳೆಣ್ಣೆಯಲ್ಲಿ ತೊಯ್ದು ಜಾರುತ್ತಿತ್ತು.

"ಹಬ್ಬ ಅಲ್ವೇನಣ್ಣ, ಬೆಳಿಗ್ಗೆ ನಾನೇ ಕುಂಕುಮ ಇಟ್ಟು ಎಣ್ಣೆ ಬಿಟ್ಟೆ. ಸಾಲಲಿಲ್ವೇನೋ, ಇನ್ನೊಂದು ಹನಿ..." ಎಂದು ಡ್ರೈವರ್ ಡಬ್ಬಿ ಬಗ್ಗಿಸಿದರು.

ಗಂಡಸರ ಮುಂದೆ ಎಂದೂ ದನಿ ಎತ್ತದ ನಾನು ಡಬ್ಬಿ ಕಿತ್ತುಕೊಂಡೆ. "ಬಸ್ ಓಡ್ಸಿದೋರು ನೀವು! ಕ್ಲಚ್ಚಿಗೆ ಯಾರಾದ್ರೂ ಎಣ್ಣೆ ಬಿಡ್ತಾರೇನ್ರಿ?"

"ಬಸ್ಸಿಂದು ಡಿಪೋದೋರು ನೋಡ್ತಿದ್ರು ಕಣಕ್ಕ" ಎಂದರು.

ಎಷ್ಟು ಒರೆಸಿದರೂ ಪಟ್ಟಿ ಹಿಡಿಯಲಿಲ್ಲ. ಹೊಸದು ಬರುವಷ್ಟರಲ್ಲಿ ತಾತನ ಕೈಯಲ್ಲಿ ರಿಮೋಟು ನಿಲ್ಲುತ್ತಿರಲಿಲ್ಲ.

ಈಗ ಡ್ರೈವರೂ ಇಲ್ಲ. ನಮ್ಮ ಗೇಟು ಕಿರುಗುಟ್ಟುತ್ತದೆ. ಬಂದಾಗಲೆಲ್ಲ ನೀವು "ಎಣ್ಣೆ ಬಿಡಲೇ ಅಜ್ಜಿ?" ಎಂದು ಕೇಳುತ್ತೀರಿ. ಬೇಡ. ನನ್ನ ಸಿಟ್ಟು ಇನ್ನೂ ಇಳಿದಿಲ್ಲ, ಕಿರುಗುಟ್ಟಲಿ ಬಿಡಿ.