ಅವ್ವ ಹಿಡಿದ ತೆಂಗಿನಕಾಯಿ

ಹನ್ನೊಂದು ವರ್ಷ ನಾನು ಊರೂರು ತಿರುಗಿ ಬೌಲಿಂಗ್ ಮಾಡಿದೆ. ವಾರವೆಲ್ಲ ಆಳಂದದ ಅಂಗಡಿಯಲ್ಲಿ ಪಂಪಿನ ಮೋಟಾರಿಗೆ ತಂತಿ ಸುತ್ತುವ ಕೆಲಸ. ತೊಗರಿ ರಾಶಿ ಮುಗಿದು ಹೊಲ ಖಾಲಿಯಾದರೆ, ಭಾನುವಾರ ಯಾರದೋ ಊರಿನ ಅಂಗಿ ತೊಟ್ಟು ಟೆನಿಸ್ ಚೆಂಡು ಎಸೆಯುವುದು. ಕಡಗಂಚಿಗೆ ಆಡಿದೆ, ಅಫಜಲಪುರಕ್ಕೆ ಆಡಿದೆ, ಜೇವರ್ಗಿ ಕಡೆ ಹೆಸರು ಮರೆತ ಹಳ್ಳಿಗಳಿಗೂ ಆಡಿದೆ. ಮನೆಯ ಗೂಟದ ತುಂಬ ಬಣ್ಣಬಣ್ಣದ ಅಂಗಿಗಳು. ನಮ್ಮೂರಿನದೊಂದು ಮಾತ್ರ ಇರಲಿಲ್ಲ. ನಿಂಬರ್ಗಾ ಸಮೀಪದ ನಮ್ಮೂರಿನ ತಂಡ ನನ್ನನ್ನು ಒಮ್ಮೆಯೂ ಕರೆದಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂದು ನಗಾಡುತ್ತಿದ್ದೆ. ನಿಜ ಹೇಳಬೇಕೆಂದರೆ ಹೊಟ್ಟೆ ಉರಿಯುತ್ತಿತ್ತು.

ನಮ್ಮ ಕಡೆ ಆಟಗಾರನನ್ನು ತಂಡಕ್ಕೆ ಕರೆಯುವುದಕ್ಕೆ ಒಂದು ಪದ್ಧತಿ ಇದೆ. ತಂಡದವರು ಮನೆಗೆ ಬಂದು ತೆಂಗಿನಕಾಯಿ ಕೊಡಬೇಕು. ಮನೆಯಲ್ಲಿ ಯಾರು ಕಾಯಿ ಹಿಡಿದರೂ ಮಾತು ಕೊಟ್ಟಂತೆ. ಹೋದ ವರ್ಷ ನಾನು ಅಂಗಡಿಯಲ್ಲಿದ್ದಾಗ ಇಜೇರಿ ಊರಿನ ತಂಡದವರು ಬಂದರು. ಮೂವತ್ತೆರಡಾದರೂ ಮದುವೆಯಾಗದ ಮಗ; ಹೆಣ್ಣು ಕೊಡುವವರೇ ಬಂದರೆಂದು ಅವ್ವ ತಿಳಿದಳು. ಚಹಾ ಕೊಟ್ಟು, ಸೆರಗೊಡ್ಡಿ ಕಾಯಿ ತೆಗೆದುಕೊಂಡಳು.

ಮರುದಿನವೇ ನಮ್ಮೂರಿನ ಕ್ಯಾಪ್ಟನ್ ಕಾಯಿ ಹಿಡಿದು ಬಂದ. ನನಗೆ ಅಳುವೊಂದು ಬಾಕಿ.

"ಇಜೇರಿಯವರ ಕಾಯಿ ವಾಪಸ್ ಕೊಟ್ ಬರ್ತೇನಿ, ಯವ್ವಾ" ಎಂದೆ.

"ತಪ್ಪು ನಂದೇ. ಆದ್ರ ಹಿಡದ ಕಾಯಿ ಹಿಡದಂಗ, ತಮ್ಮಾ" ಎಂದಳು ಅವ್ವ.

ಅಫಜಲಪುರದ ಫೈನಲ್‌ಗೆ ಬಂದದ್ದು ಇಜೇರಿ ಮತ್ತು ನಮ್ಮೂರು. ಕೊನೆಯ ಚೆಂಡು ನನ್ನ ಕೈಯಲ್ಲಿ, ನಮ್ಮೂರಿಗೆ ನಾಲ್ಕು ರನ್ ಬೇಕು, ಎದುರಿಗೆ ಅದೇ ಕ್ಯಾಪ್ಟನ್. ನನ್ನ ಬಳಿಯಿದ್ದ ಅತ್ಯುತ್ತಮ ಚೆಂಡನ್ನೇ ಹಾಕಿದೆ: ಜೋರಾಗಿ ಕೈ ಬೀಸಿ ನಿಧಾನಕ್ಕೆ ಬಿಡುವ ಚೆಂಡು. ಮೂರು ತಾಲೂಕಿನವರು ಅದಕ್ಕೆ ಮೋಸ ಹೋಗಿದ್ದರು. ಆದರೆ ಹುಡುಗನಾಗಿದ್ದಾಗ ನಮ್ಮ ಕಣದಲ್ಲಿ ಅದನ್ನು ನಾನು ಕಲಿತದ್ದೇ ಇವನಿಗೆ ಎಸೆದೆಸೆದು. ಅದು ಆ ಗಳಿಗೆಯಲ್ಲಿ ನನಗೆ ಹೊಳೆಯಲಿಲ್ಲ. ಅವನು ಕಾದು ನಿಂತು ಹೊಡೆದ. ಚೆಂಡು ಗೆರೆ ದಾಟಿತು.

ನಮ್ಮೂರಿನವರು ಓಡಿಬಂದು ನನ್ನನ್ನೇ ಎತ್ತಿಕೊಂಡರು. "ಊರಿನ ಮಾನ ಉಳಿಸಿದಿ ಲೇ" ಎಂದು ಕ್ಯಾಪ್ಟನ್ ಕಣ್ಣು ಹೊಡೆದ. ಬೇಕೆಂದೇ ಹಾಕಿದೆ ಎಂದುಕೊಂಡಿದ್ದರು. ಬೆಳಿಗ್ಗೆ ನನ್ನನ್ನು ತಮ್ಮಾ ಎಂದು ಕರೆದಿದ್ದ ಇಜೇರಿಯ ಹಿರಿಯರು "ಆತು ಬಿಡ್ರಿ" ಎಂದಷ್ಟೇ ಹೇಳಿ ಜೀಪು ಹತ್ತಿದರು. ಆ ಮರ್ಯಾದೆಯ ‘ರಿ’ ನನ್ನನ್ನು ಚುಚ್ಚಿತು.

ಮನೆಗೆ ಬಂದು ಎಲ್ಲ ಹೇಳಿದೆ.

"ಖರೇ ಹೇಳು, ಬೇಕಂತ ಹಾಕಿದೇನು?" ಎಂದಳು ಅವ್ವ.

"ಇಲ್ಲವ್ವಾ. ಅದಕ್ಕಿಂತ ಚಲೋ ಚೆಂಡು ನನಗ ಬರಂಗಿಲ್ಲ."

ಮತ್ತೆ ಕೇಳಲಿಲ್ಲ. ರೊಟ್ಟಿ ಬಡಿಯಲು ಕುಳಿತಳು.

ಈ ವರ್ಷ ಇಜೇರಿಯಿಂದ ಯಾರೂ ಬರಲಿಲ್ಲ. ನಮ್ಮೂರಿನ ಕ್ಯಾಪ್ಟನ್ ಬಂದ, ಕಾಯಿಯ ಜೊತೆ ನಮ್ಮೂರಿನ ನೀಲಿ ಅಂಗಿಯನ್ನೂ ತಂದಿದ್ದ. ನಾನು ಕೈ ಚಾಚುವಷ್ಟರಲ್ಲಿ ಅವ್ವ ಹೊಸ್ತಿಲಿಗೆ ಬಂದಳು.

"ಯಾರನ್ನ ಕರಿಯಾಕ ಬಂದೀರಿ?"

"ನಿಮ್ಮ ಮಗನ್ನೇ, ಯವ್ವಾ. ಹೋದ ವರ್ಷ ಊರಿನ ಸಲುವಾಗಿ ಸೋತಾನಲ್ರಿ."

ಅವ್ವ ಎರಡೂ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡಳು.

"ಅಂಥವ ಈ ಮನ್ಯಾಗ ಇಲ್ರಿ" ಎಂದಳು.

ನಾನು ಅವಳ ಹಿಂದೆಯೇ ನಿಂತಿದ್ದೆ. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ.