ಮದುವೆಗೆ ಹೋದ ಬೆಂಚುಗಳು

ನಮ್ಮೂರಲ್ಲಿ ಹೈಸ್ಕೂಲು ಆಗುವುದೇ ಇಲ್ಲ ಎಂದು ಮೊದಲು ಹೇಳಿದವರು ನನ್ನ ದೊಡ್ಡಪ್ಪ. ಒಂದು ವೇಳೆ ಆದರೂ ಅದರಲ್ಲಿ ನಾನು ಕಲಿಯುವುದಿಲ್ಲ ಎಂದವರೂ ಅವರೇ. "ಬಸ್ಸೇ ಸರಿಯಾಗಿ ಬಾರದ ಊರಿಗೆ ಹೈಸ್ಕೂಲು ಎಲ್ಲಿಂದ ಬರುದು ಮಾರಾಯ್ರೆ? ಬಂದ್ರೂ ಹೆಣ್ಣುಮಕ್ಕಳಿಗೆ ಅಲ್ಲಿ ಎಂತ ಕೆಲಸ?" ಎಂದು ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿದ್ದರು.

ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅರಂತೋಡಿನಿಂದ ಬಹಳ ಒಳಗೆ ನಮ್ಮ ಊರು. ಎಂಟನೆಯ ತರಗತಿ ಮುಗಿದರೆ ಮುಂದೆ ಸುಳ್ಯ, ಇಲ್ಲವೇ ಪುತ್ತೂರು. ಅಲ್ಲಿ ಉಳಿಯಲು ನೆಂಟರ ಮನೆ ಇದ್ದವರು ಹೋದರು, ಇಲ್ಲದವರು ಗದ್ದೆಗೆ ಇಳಿದರು. ನನಗೆ ಅಂಥ ನೆಂಟರೂ ಇರಲಿಲ್ಲ, ಅಪ್ಪನೂ ಇರಲಿಲ್ಲ. ಅವ್ವ ಗೇಣಿ ಗದ್ದೆ ಮಾಡಿ ನನ್ನನ್ನು ಸಾಕುತ್ತಿದ್ದಳು.

ಹೈಸ್ಕೂಲು ಬಂತು. ಒಬ್ಬರು ಗುಡ್ಡೆ ಬಿಟ್ಟುಕೊಟ್ಟರು. ಆ ಗುಡ್ಡೆಯಿಂದಲೇ ಮುರಕಲ್ಲು ಕಡಿದು ಗೋಡೆ ಎಬ್ಬಿಸಿ, ಮೇಲೆ ಮುಳಿಹುಲ್ಲು ಹೊದೆಸಿದರು. ಬೆಂಚನ್ನು ಮನೆಗೊಂದರಂತೆ ಮಾಡಿಸಿ ತರುವುದೆಂದು ಊರವರು ಮಾತಾಡಿಕೊಂಡರು. ಹಾಗಾಗಿ ಒಂದು ಬೆಂಚಿನ ಹಾಗೆ ಇನ್ನೊಂದಿಲ್ಲ; ಕೆಲವುಗಳಲ್ಲಿ ಕೂತರೆ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಗೊಣಗುತ್ತಲೇ ದೊಡ್ಡಪ್ಪನೂ ಹಲಸಿನ ಹಲಗೆಯದೊಂದು ಕಳಿಸಿದರು.

ಹೆಡ್‌ಮಾಸ್ಟರರು ಘಟ್ಟದ ಮೇಲಿನವರು. ಅಂಥ ಮನುಷ್ಯನನ್ನು ನಾನು ಮತ್ತೆ ಕಾಣಲಿಲ್ಲ. ಕೃಷಿಯನ್ನೂ ಒಂದು ಪಾಠವಾಗಿ ಇಟ್ಟರು. ಮಣ್ಣು ಅಗೆಯಲು ಕಲಿಯುವುದಕ್ಕೆ ಶಾಲೆ ಯಾಕೆ ಎಂದು ನಕ್ಕವರೇ ಆಮೇಲೆ ಶಾಲೆಯ ಹಿಂದೆ ಬೆಳೆಸಿದ ಕಸಿ ಮಾವಿನ ಗಿಡ ಕೇಳಿಕೊಂಡು ಬಂದರು. ಶುಕ್ರವಾರ ಸಂಜೆ ಚರ್ಚಾಕೂಟ. ಮನೆಯಲ್ಲಿ ಅರೆಭಾಷೆ, ಅಂಗಡಿಯಲ್ಲಿ ತುಳು ಆಡುವ ನಾವು ಎದ್ದು ನಿಂತು ಕನ್ನಡದಲ್ಲಿ ವಾದ ಮಾಡಲು ಕಲಿತದ್ದು ಅಲ್ಲಿ. ಹುಡುಗಿಯರನ್ನು ಕೂಡ ಬಿಡುತ್ತಿರಲಿಲ್ಲ. "ಹೆದರಿದರೆ ಹೆದರಿಕೊಂಡೇ ಮಾತಾಡು" ಎನ್ನುತ್ತಿದ್ದರು.

ದೊಡ್ಡಪ್ಪನ ಮಾತು ಕೇಳದೆ ಅವ್ವ ನನ್ನನ್ನೂ ಸೇರಿಸಿದ್ದಳು; ನಮ್ಮದು ಮೊದಲ ತಂಡ. ನಾವು ಎಸ್ಸೆಲ್ಸಿ ಪರೀಕ್ಷೆಗೆ ಕೂರಬೇಕಾದರೆ ಶಾಲೆಗೆ ಸರಕಾರದ ಮಾನ್ಯತೆ ಬೇಕಿತ್ತು. ಸಿಗದಿದ್ದರೆ ಸುಳ್ಯದ ಶಾಲೆಗೆ ಸೇರಿ ಬರೆಯಬೇಕು. ಎಂದರೆ ನನ್ನ ಓದು ಅಲ್ಲಿಗೇ ಮುಗಿದ ಹಾಗೆ.

ಮಾನ್ಯತೆಗಾಗಿ ಶಾಲೆ ನೋಡಲು ಮುಂದಿನ ವಾರ ಬರುತ್ತೇನೆಂದಿದ್ದ ಇನ್‌ಸ್ಪೆಕ್ಟರರು ಒಂದು ದಿನ ಬೆಳಗ್ಗೆ ಹೇಳದೆ ಬಂದು ಬಾಗಿಲಲ್ಲಿ ನಿಂತರು. ನಾವೆಲ್ಲ ನೆಲದಲ್ಲಿ ಕೂತಿದ್ದೆವು.

"ಬೆಂಚುಗಳೆಲ್ಲಿ?"

"ಮದುವೆಗೆ ಹೋಗಿವೆ ಸಾರ್" ಎಂದರು ಹೆಡ್‌ಮಾಸ್ಟರರು.

ನಮ್ಮಲ್ಲಿ ಯಾರ ಮನೆಯಲ್ಲಿ ಮದುವೆಯಾದರೂ ಊರಿನ ಚಾಪೆ, ಕಡಾಯಿ, ಹಂಡೆ ಆ ಮನೆಗೆ ಹೋಗುವುದು ರೂಢಿ. ಬೆಂಚುಗಳೂ ಊರಿನವೇ ಅಲ್ಲವೇ? ಅಂದು ದೊಡ್ಡಪ್ಪನ ದೊಡ್ಡ ಮಗಳ ಮದುವೆ.

ಅಧಿಕಾರಿಯೊಬ್ಬರು ಊರಿಗೆ ಬಂದಿದ್ದಾರೆಂದು ತಿಳಿದದ್ದೇ ದೊಡ್ಡಪ್ಪ ಊಟಕ್ಕೆ ಹೇಳಿಕಳಿಸಿದರು. ಇನ್‌ಸ್ಪೆಕ್ಟರರು ಹೋದರು, ಹಿಂದೆ ಹೆಡ್‌ಮಾಸ್ಟರರು, ಅವರ ಹಿಂದೆ ನಾವು. ಚಪ್ಪರದಡಿ ನಮ್ಮ ಬೆಂಚುಗಳಲ್ಲಿ ಗಂಡಿನ ಕಡೆಯವರು ಸಾಲಾಗಿ ಕೂತು ಬೆಲ್ಲ ನೀರು ಕುಡಿಯುತ್ತಿದ್ದರು.

"ಇವು ಶಾಲೆಯವಲ್ಲವೇ?" ಎಂದು ಇನ್‌ಸ್ಪೆಕ್ಟರರು ಕೇಳಿದರು.

"ಶಾಲೆದೇ. ಶಾಲೆ ನಮ್ಮದೇ" ಎಂದರು ದೊಡ್ಡಪ್ಪ.

"ಮಕ್ಕಳು ಎಲ್ಲಿ ಕೂರಬೇಕು?"

"ಮಕ್ಕಳಿಗೆ ಎಂತ, ಎಲ್ಲಿ ಬೇಕಾದ್ರೂ ಕೂರ್ತವೆ. ಬೀಗರನ್ನು ನೆಲದಲ್ಲಿ ಕೂರಿಸ್ಲಿಕ್ಕೆ ಆಗ್ತದಾ?"

"ಹಾಗಾದರೆ ಪರೀಕ್ಷೆಗೆ ಬೀಗರನ್ನೇ ಕೂರಿಸಿ. ಬೆಂಚಿಲ್ಲದ ಶಾಲೆಗೆ ಮಾನ್ಯತೆ ಕೊಡಿ ಎಂದು ನಾನು ಬರೆಯಲಾರೆ. ಸಂಜೆಯ ಬಸ್ಸಿಗೆ ಹೋಗುತ್ತೇನೆ."

ವಾಲಗ ಊದುವವನೂ ನಿಲ್ಲಿಸಿದ. ದೊಡ್ಡಪ್ಪ ನನ್ನತ್ತ ನೋಡಿದರು. ನನ್ನ ಮುಖ ಹೇಗಿತ್ತೋ, ನನಗೆ ಗೊತ್ತಿಲ್ಲ. ಹೆಗಲ ಶಾಲು ತೆಗೆದು ಸೊಂಟಕ್ಕೆ ಕಟ್ಟಿ, ಬೀಗರ ಮುಂದೆ ಹೋಗಿ ನಿಂತರು.

"ಒಂದು ಗಳಿಗೆ ಏಳಿ ಮಾರಾಯ್ರೆ. ತಪ್ಪು ತಿಳ್ಕೊಳ್ಬೇಡಿ. ಇದು ಮಕ್ಕಳದ್ದು."

ಮದುವೆಯ ಚಪ್ಪರದಲ್ಲಿ ಗಂಡಿನ ಕಡೆಯವರನ್ನು ಎಬ್ಬಿಸುವುದೆಂದರೆ ಸಂಬಂಧ ಮುರಿಯುವ ಮಾತು. ಎಲ್ಲರೂ ಮದುಮಗನ ಸೋದರಮಾವನ ಮುಖ ನೋಡಿದರು. ಆ ಅಜ್ಜ ಎದ್ದರು. "ಎಂತ ನೋಡುದು? ಆಚೆ ತುದಿ ಹಿಡೀರಿ" ಎಂದು ಬೆಂಚಿನ ಒಂದು ತುದಿಯನ್ನು ತಾವೇ ಎತ್ತಿದರು. ಜರಿಶಾಲು ಹೊದ್ದ ದಿಬ್ಬಣ ಬೆಂಚು ಹೊತ್ತು ಗುಡ್ಡೆ ಹತ್ತಿತು. ಬೆವರು ಒರೆಸುತ್ತಾ ಇನ್‌ಸ್ಪೆಕ್ಟರರು ಹಿಂದಿನಿಂದ ಬಂದರು. ಮಧ್ಯಾಹ್ನವಿಡೀ ನಮಗೆ ಪ್ರಶ್ನೆ ಕೇಳಿದರು. ಊಟಕ್ಕೆ ಹೋದದ್ದು ಆಮೇಲೆ.

ಮಾನ್ಯತೆ ಬಂತು. ನಮ್ಮೂರಿನ ಮದುವೆಗಳು ಅಲ್ಲಿಂದ ಮುಂದೆ ಬೇಸಿಗೆ ರಜೆಗೆ ಸರಿದವು.

ಫಲಿತಾಂಶದ ನಂತರ ಹೆಡ್‌ಮಾಸ್ಟರರು ಸರ್ಟಿಫಿಕೇಟು ಹಿಡಿದು ನಮ್ಮ ಮನೆಗೇ ಬಂದರು. ಅವ್ವ ಗದ್ದೆಯಲ್ಲಿ ಭತ್ತದ ನೇಜಿ ನೆಡುತ್ತಿದ್ದಳು. ಕೈ ತೊಳೆದು, ಸೆರಗಿಗೆ ಒರೆಸಿ ಅಂಗಳಕ್ಕೆ ಬಂದಳು. ಅವರು ಅದನ್ನು ನನ್ನ ಕೈಗೆ ಕೊಟ್ಟು, ಪುತ್ತೂರಿನಲ್ಲಿ ಕಾಲೇಜು ಉಂಟು, ಅಲ್ಲಿ ಉಳಿಯಲು ಒಂದು ಮನೆಯಲ್ಲಿ ಕೇಳಿದ್ದೇನೆ ಎಂದರು. ಅವ್ವ ಓದಿದವಳಲ್ಲ. ಸರ್ಟಿಫಿಕೇಟನ್ನು ನೋಡಿದಳು, ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಪುತ್ತೂರಿಗೆ ಹೋಗುದಾದ್ರೆ ಇವಳಿಗೆ ಇನ್ನೊಂದು ಸೀರೆ ಬೇಕು ಮಾಷ್ಟ್ರೆ. ಇದೊಂದನ್ನೇ ಎಷ್ಟು ಸಲ ಒಗೆದು ಉಡುದು?"